ಹಿರಿಯಣ್ಣನವರು ಒಲ್ಲದ ಕೇಬಲ್

ಹಿರಿಯಣ್ಣನವರು ಕುರ್ಲಾದ ಬಟ್ಟೆ ಗಿರಣಿಯಲ್ಲಿ ಥಾನುಗಳ ದೋಷ ಹುಡುಕುವ ಕೆಲಸ ಮಾಡಿ ನಿವೃತ್ತರಾದವರು. ಒಂದೆಳೆ ಅಡ್ಡ ಬಿದ್ದಿದ್ದರೂ ಅವರ ಕಣ್ಣಿಗೆ ಬೀಳುತ್ತಿತ್ತು. ಈ ಮಾತನ್ನು ಮನೆಯವರೆಲ್ಲ ಒಪ್ಪಿಕೊಂಡಿದ್ದರು. ಒಪ್ಪದಿದ್ದರೆ ಅವರು ಮತ್ತೆ ಮೊದಲಿನಿಂದ ಹೇಳುತ್ತಿದ್ದರು.

ಸೊಸೆ ವಿಮಲಾ ಭಾಂಡುಪಿನ ಔಷಧ ಕಂಪನಿಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದಳು. ಅಲ್ಲಿನ ಸರ್ವರ್ ಕಂಪ್ಯೂಟರಿಗೆ ಎರಡನೆಯ ಹಾರ್ಡ್ ಡಿಸ್ಕ್ ಬಂದಿತ್ತು, ಜೋಡಿಸುವ ಕೇಬಲ್ ಬಂದಿರಲಿಲ್ಲ. ಮಾವ ಹೇಗೂ ಗ್ರಾಂಟ್ ರೋಡ್ ಕಡೆ ಹೊರಟಿದ್ದರು.

"ಮಾವ, ಅಲ್ಲೇ ಪಕ್ಕದ ಲ್ಯಾಮಿಂಗ್ಟನ್ ರೋಡಲ್ಲಿ ಎರಡು ಹಾರ್ಡ್ ಡಿಸ್ಕ್ ಸೇರಿಸೋ ಕೇಬಲ್ ಅಂತ ಕೇಳಿ. ಅಂಗಡಿಯವರಿಗೆ ಗೊತ್ತಿರತ್ತೆ."

ಅಂಗಡಿಯ ಕಾಂತಿಭಾಯಿ ಬೂದು ಬಣ್ಣದ ಅಗಲ ಪಟ್ಟಿಯೊಂದನ್ನು ಕೊಟ್ಟ. ಹಿರಿಯಣ್ಣ ಅದನ್ನು ಬೆಳಕಿಗೆ ಹಿಡಿದರು. ಒಂದು ತುದಿಯ ಹತ್ತಿರ ನಾಲ್ಕೈದು ತಂತಿಗಳು ಪಟ್ಟಿಯಿಂದ ಬಿಟ್ಟುಕೊಂಡು, ತಿರುಚಿಕೊಂಡು, ಮತ್ತೆ ಸೇರಿದ್ದವು.

"ಯೇ ಡಿಫೆಕ್ಟ್ ಹೈ."

"ಐಸಾ ಹೀ ಆತಾ ಹೈ, ಚಾಚಾ." ಅದು ಬರುವುದೇ ಹಾಗೆ ಎಂದ ಕಾಂತಿಭಾಯಿ.

"ಹಮ್ ಕೋ ಮತ್ ಸಿಖಾವೊ!" ತಮಗೇ ಪಾಠ ಹೇಳಲು ಬಂದವನ ಮೇಲೆ ಹಿರಿಯಣ್ಣ ರೇಗಿದರು.

ಕಾಂತಿಭಾಯಿ ಜಗಳವಾಡದೆ ನೆಟ್ಟಗಿದ್ದ ಇನ್ನೊಂದನ್ನು ಕೊಟ್ಟುಬಿಟ್ಟ.

ಮರುದಿನ ವಿಮಲಾ ಅವಸರದಲ್ಲಿ ಅದನ್ನೇ ಸಿಕ್ಕಿಸಿದಳು. ಕಂಪ್ಯೂಟರಿನಿಂದ ಮೊದಲ ಡಿಸ್ಕನ್ನು ಕರೆದರೆ ಯಾವುದೂ ಅಲುಗಲಿಲ್ಲ. ಎರಡನೆಯದನ್ನು ಕರೆದರೆ ಎರಡರ ದೀಪವೂ ಒಟ್ಟಿಗೇ ಹೊತ್ತಿಕೊಂಡಿತು. ಕೇಬಲ್ ಬಿಚ್ಚಿ ನೋಡಿದವಳಿಗೆ ಸಿಟ್ಟಿಗಿಂತ ನಗುವೇ ಹೆಚ್ಚು ಬಂತು.

"ಮಾವ, ತಿರುಚಿದ್ದು ಇರಲಿಲ್ವಾ?" ಎಂದು ಸಂಜೆ ಮನೆಗೆ ಬಂದು ಕೇಳಿದಳು.

"ಇತ್ತು. ಬೇಡ ಅಂದೆ. ಮೋಸ ಮಾಡೋಕೆ ನೋಡಿದ."

"ಆ ತಿರುವು ಬೇಕೇ ಬೇಕು ಮಾವ. ನಾನು 'ಮಾವ' ಅಂತ ಕರೆದಾಗ ನೀವೂ ನಾಣಿ ಮಾವನೂ ಒಟ್ಟಿಗೇ 'ಏನಮ್ಮಾ' ಅಂದ್ರೆ ಹೇಗೆ? ಡಿಸ್ಕುಗಳಲ್ಲಿ ಯಾರು ಯಾರು ಅಂತ ಹೇಳೋದೇ ಆ ತಿರುವು."

ತಮ್ಮ ನಾಣಿಯ ಜೊತೆ ತಮ್ಮನ್ನು ಸೇರಿಸಿದ್ದು ಹಿರಿಯಣ್ಣನವರಿಗೆ ಹಿಡಿಸಲಿಲ್ಲ. ಆದರೂ ಶನಿವಾರ ಅವಳ ಜೊತೆ ಹೊರಟರು.

"ಆಯಿಯೇ ಚಾಚಾ, ಆಜ್ ಟೇಢಾ ಕಿ ಸೀಧಾ?" ಎಂದ ಕಾಂತಿಭಾಯಿ. ಹಿರಿಯಣ್ಣ ಗೋಡೆಯ ಕ್ಯಾಲೆಂಡರನ್ನು ಆಸಕ್ತಿಯಿಂದ ನೋಡತೊಡಗಿದರು. ವಿಮಲಾ ರಾಶಿಯಿಂದ ತಿರುಚಿದ ಕೇಬಲೊಂದನ್ನು ಠೀವಿಯಿಂದ ಎಳೆದು, "ಇದೇ ನೋಡಿ" ಎಂದಳು. ಆಮೇಲೆ ತಂತಿಗಳನ್ನು ಎಣಿಸಿ, ಮುಖ ಕೆಂಪಾಗಿ, ಮೆಲ್ಲಗೆ ಕೆಳಗಿಟ್ಟಳು.

"ಯಾಕಮ್ಮಾ?"

"ಅದು ಹಾರ್ಡ್ ಡಿಸ್ಕಿಂದಲ್ಲ, ಫ್ಲಾಪಿಯದು. ಅದರಲ್ಲಿ ಬೇರೆ ತಂತಿಗಳು ತಿರುಗಿರತ್ವೆ."

"ಓಹೋ! ತಿರುವಲ್ಲೂ ಜಾತಿ ಇದೆಯೋ!" ಹಿರಿಯಣ್ಣನವರ ಮುಖ ಅರಳಿತು. ಸರಿಯಾದದ್ದನ್ನು ಅವಳು ಆರಿಸುವವರೆಗೂ ಅವರು ಒಂದೊಂದು ಕೇಬಲನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ದಾದರಿನಲ್ಲಿ ಲೋಕಲ್ ಬದಲಿಸಿ ಕೂತ ಮೇಲೆ ಹಿರಿಯಣ್ಣನವರ ಕೈ ಚೀಲಕ್ಕೆ ಹೋಯಿತು. ಎದುರು ಕೂತಿದ್ದ ಅಪರಿಚಿತರೊಬ್ಬರಿಗೆ ಕೇಬಲ್ ಬಿಡಿಸಿ ತೋರಿಸಿ, "ಯೇ ಡಿಫೆಕ್ಟ್ ನಹೀ ಹೈ, ಸಮಝೇ? ಬಹುತ್ ಲೋಗ್ ಫಸ್ತೇ ಹೈಂ" ಎಂದು, ಎಷ್ಟೋ ಜನ ಇದರಲ್ಲಿ ಏಮಾರುತ್ತಾರೆಂದು ವಿವರಿಸಿದರು. ವಿಮಲಾ ನಗು ತಡೆಯಲು ಕಿಟಕಿಯ ಕಡೆ ತಿರುಗಿದಳು.

ಸೋಮವಾರ ಎರಡೂ ಡಿಸ್ಕುಗಳು ಸರಿಯಾಗಿ ನಡೆದವೆಂದು ಅವಳು ಬಂದು ಹೇಳಿದಾಗ, ಹಿರಿಯಣ್ಣ ಪೇಪರಿನಿಂದ ತಲೆ ಎತ್ತಲಿಲ್ಲ.

"ನಡೆಯದೆ ಏನು? ನಾನು ಜೊತೆಗಿರಲಿಲ್ವೇ?"