ಟಿಕ್ ಟಿಕ್ ನಡುವೆ ದೊಡ್ಡಮ್ಮ

ಆ ಎಫ್‌ಎಂ ಕೇಂದ್ರ ಮತ್ತೆ ಹೆಸರು ಬದಲಿಸುತ್ತಿತ್ತು. "ಜೇನುದನಿ" ಹೋಗಿ "ಮಿಂಚು" ಬಂದಿತ್ತು, ಈಗ ಮಿಂಚು ಹೋಗಿ "ಝಣ್" ಆಗುವುದಿತ್ತು. ಹೊರಗಿನ ಫಲಕಕ್ಕೆ ಎಷ್ಟು ಬಣ್ಣ ಬಳಿದರೂ ಜೇನುದನಿಯ 'ನು' ಅಕ್ಷರದ ಕೊಂಬು ಇಣುಕುತ್ತಲೇ ಇತ್ತು.

ಹಾಡುಗಳನ್ನು ಸರದಿಗೆ ಹಾಕುವ ಕಂಪ್ಯೂಟರಿನ ಮುಂದೆ ಕೂರುವ ಹುಡುಗಿ ಬಾಯಿ ಬಿಡುವುದೇ ಅಪರೂಪ. ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಕೇಂದ್ರದ ಹೆಸರು ಏನಾದರೂ ಆಗಲಿ ಎಂದು ಅವಳು ಸುಮ್ಮನಿರುತ್ತಿದ್ದಳೇನೋ. ಆದರೆ ಈ ಸಲ ಅವಳ ದೊಡ್ಡಮ್ಮನ ಕೆಲಸಕ್ಕೇ ಕುತ್ತು ಬಂದಿತ್ತು. ಬೆಳಗಿನ ಕಾರ್ಯಕ್ರಮ ದೊಡ್ಡಮ್ಮನದು. ಹಾಡಿಗೂ ಹಾಡಿಗೂ ನಡುವೆ ಕೇಳುಗರನ್ನು ಸ್ವಂತ ಮಕ್ಕಳಂತೆ ಗದರಿಸುವುದು ಅವಳ ಪದ್ಧತಿ. ಕೇಂದ್ರಕ್ಕೆ ಹೊಸ ರೂಪ ಕೊಡಲು ಬಂದಿದ್ದ ಸಲಹೆಗಾರ ಸ್ವಲ್ಪ ಹೊತ್ತು ಕೇಳಿ, ಹೆಡ್‌ಫೋನ್ ತೆಗೆದಿಟ್ಟ.

"ದನಿ ಚೆನ್ನಾಗಿದೆ. ಆದ್ರೆ ಇದು ಅಡುಗೆಮನೆ ದನಿ. ನಮಗೆ ಬೇಕಿರೋದು ಪಾರ್ಟಿ ದನಿ."

ಸೋಮವಾರದಿಂದ ಆ ಜಾಗಕ್ಕೆ ಬೇರೆಲ್ಲೋ ರೆಕಾರ್ಡ್ ಮಾಡಿಟ್ಟ ಯಾರದೋ ನಗು ಬರುವುದೆಂದು ತೀರ್ಮಾನವಾಯಿತು. ದೊಡ್ಡಮ್ಮ ಮೈಕಿನ ಮುಂದಿನ ಕುರ್ಚಿಯಿಂದ ತನ್ನ ದಿಂಬನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಪಿಸುವಿಗೆ ತಡೆಯಲಾಗದೆ ಹೋದದ್ದು ಆ ದಿಂಬು.

ರೂಪ ಬದಲಿಸುವ ಮುನ್ನ ಒಂದೇ ಸದ್ದನ್ನು ಮತ್ತೆ ಮತ್ತೆ ಹಾಕಿ ಊರಿನ ತಲೆ ಕೆಡಿಸುವುದು ಈ ಕಸುಬಿನ ಹಳೆಯ ಚಾಳಿ. ಶನಿವಾರ, ಭಾನುವಾರ ಗಡಿಯಾರದ ಟಿಕ್ ಟಿಕ್ ಬಿಟ್ಟು ಬೇರೇನೂ ಕೇಳಬಾರದು, ಜನ ಚಡಪಡಿಸಬೇಕು ಎಂದು ಹೇಳಿ ಸಲಹೆಗಾರ ಹೋಟೆಲಿಗೆ ಹೊರಟ. ಪಿಸು ತಲೆಯಾಡಿಸಿ ಟಿಕ್ ಟಿಕ್ ಹಾಕಿದಳು. ಹಾಕಿ, ಹಳೆಯ ಕಾರ್ಯಕ್ರಮವೊಂದರಿಂದ ದೊಡ್ಡಮ್ಮನ ಒಂದೇ ಒಂದು ಮಾತನ್ನು ಕತ್ತರಿಸಿ ಅದರ ನಡುನಡುವೆ ಸಿಕ್ಕಿಸಿದಳು: "ಗ್ಯಾಸ್ ಆಫ್ ಮಾಡಿದ್ರಾ?"

ಶನಿವಾರ ಊರಿಗೆ ಊರೇ ಅರ್ಧ ದಾರಿಯಿಂದ ಮನೆಗೆ ತಿರುಗಿತು. ರೇಡಿಯೊ ಹಾಕಿದ್ದ ಬಸ್ಸೊಂದು ಮುಂದಿನ ಸ್ಟಾಪಿನಲ್ಲೇ ಖಾಲಿಯಾಯಿತು. ಒಬ್ಬಾಕೆ ಕೇಂದ್ರಕ್ಕೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದಳು. ಸ್ವಲ್ಪ ಹೊತ್ತಿಗೆ ಮತ್ತೆ ಫೋನ್ ಮಾಡಿ, ಒಲೆ ಉರಿಯುತ್ತಲೇ ಇತ್ತು ಎಂದು ಒಪ್ಪಿಕೊಂಡಳು. ದೊಡ್ಡಮ್ಮನೂ ತನ್ನದೇ ದನಿಗೆ ಬೆಚ್ಚಿ ಅಡುಗೆಮನೆಗೆ ಓಡಿದಳಂತೆ.

ಸಲಹೆಗಾರ ಕೆಂಡಾಮಂಡಲವಾಗಿ ಬಂದ. ಅವನು ಬಾಯಿ ತೆರೆಯುವಷ್ಟರಲ್ಲಿ ಮಾಲೀಕನ ಫೋನ್. ಎಲ್ಲ ಅಂಗಡಿಗಳಲ್ಲೂ ಇದೇ ಮಾತು, ಇಂಥ ಉಪಾಯ ನಿಮಗೊಬ್ಬರಿಗೇ ಹೊಳೆಯುವುದು, ಆಕೆ ಸೋಮವಾರ ಇನ್ನೇನು ಕೇಳುತ್ತಾಳೆ ಎಂದು ಮಾಲೀಕ ಹಿಗ್ಗುತ್ತಿದ್ದ. ಸಲಹೆಗಾರನ ಮುಖ ಬಣ್ಣ ಬದಲಿಸುತ್ತಾ ಹೋಗಿ ಕೊನೆಗೆ ನಗುವಿನಲ್ಲಿ ನಿಂತಿತು. ಅದು ಗುಟ್ಟು ಎಂದು ಹೇಳಿ ಫೋನಿಟ್ಟು ಪಿಸುವಿನ ಕಡೆ ತಿರುಗಿದ.

"ಏನಮ್ಮಾ, ಏನ್ ಕೇಳ್ತಾರೆ?"

"ಅವ್ರನ್ನೇ ಕೇಳ್ಬೇಕು ಸಾರ್," ಎಂದಳು ಪಿಸು. "ಬರ್ತಾರೋ ಇಲ್ವೋ. ತುಂಬಾ ಬೇಜಾರಲ್ಲಿದ್ದಾರೆ."

ಅಷ್ಟುದ್ದದ ಮಾತನ್ನು ಅವಳ ಬಾಯಿಂದ ಆ ಕಟ್ಟಡದಲ್ಲಿ ಯಾರೂ ಕೇಳಿರಲಿಲ್ಲ.

ಭಾನುವಾರ ಸಲಹೆಗಾರ ತಾನೇ ದೊಡ್ಡಮ್ಮನ ಮನೆಗೆ ಹೋದ. ಮೊದಲಿನಿಂದಲೂ ನಿಮ್ಮ ದನಿಯೇ ನನ್ನ ಯೋಜನೆಯಲ್ಲಿತ್ತು ಎಂದು ರೆಪ್ಪೆ ಮಿಟುಕಿಸದೆ ಹೇಳಿದ. ದೊಡ್ಡಮ್ಮ ಅವನನ್ನು ಸಾಗಹಾಕಿ, ಬಾಗಿಲ ಮರೆಯಲ್ಲಿದ್ದ ತಂಗಿಯ ಮಗಳನ್ನು ಕಿವಿ ಹಿಡಿದು ಎಳೆದಳು.

"ಮಾತು ಮುಗಿದ್ಮೇಲೆ ನನ್ನ ಉಸಿರು ಹಾಗೇ ಬಿಟ್ಟಿದ್ದೀಯಲ್ಲೇ. ಹಾಗಾ ಕತ್ತರಿಸೋದು? ನಾಳೆ ಬಂದು ತೋರಿಸಿಕೊಡ್ತೀನಿ, ಇರು."