ಗುಡಿಸಿಟ್ಟ ಬಯಲು

ಮನೆಗೆ ನೆಂಟರು ಬರುತ್ತಾರೆಂದರೆ ಟೈಲರಕ್ಕನಿಗೆ ಮೈಮೇಲೆ ಜ್ಞಾನವೇ ಇರುತ್ತಿರಲಿಲ್ಲ. ಯಾರೂ ಬಗ್ಗಿ ನೋಡದ ಮಂಚದಡಿಯ ಪೆಟ್ಟಿಗೆಯನ್ನೂ ಹೊರಗೆಳೆದು ಒರೆಸುವ ಜಾತಿ ಅವಳದು. ಈ ಸಲ ಬರುವವರು ಅಧಿಕಾರಿಗಳು. ಅವರು ನೋಡಲಿದ್ದುದು ಅವಳ ಮನೆಯನ್ನಲ್ಲ, ಮನೆ ಮುಂದಿನ ಬಯಲನ್ನು.

ಬಯಲೆಂದರೆ ದೊಡ್ಡದೇನಲ್ಲ. ಮೂರು ಕಡೆ ಸಾಲುಮನೆಗಳು, ನಾಲ್ಕನೆಯ ಕಡೆ ಬೇಕರಿಯ ಹಿಂಬಾಗಿಲು. ನಡುವೆ ಯಾರ ಅಪ್ಪನ ಆಸ್ತಿಯೂ ಅಲ್ಲದ ಒಂದಿಷ್ಟು ನೆಲ. ಅಲ್ಲಿ ಮಕ್ಕಳು ಕಲ್ಲು ನೆಟ್ಟು ಚೆಂಡಾಡುತ್ತಿದ್ದರು, ಹೆಂಗಸರು ಹಗ್ಗ ಕಟ್ಟಿ ಬಟ್ಟೆ ಒಣಗಿಸುತ್ತಿದ್ದರು, ಮುದುಕರು ಕಾಲು ಮುರಿದ ಬೆಂಚಿನ ಮೇಲೆ ಕೂತು ಊರಿನವರ ಸಂಸಾರವನ್ನೆಲ್ಲ ತಿದ್ದುತ್ತಿದ್ದರು. ಈಗ ಅಲ್ಲಿ ಕಾರು ನಿಲ್ಲಿಸಲು ಬಹುಮಹಡಿ ಕಟ್ಟಡ ಬರುತ್ತದಂತೆ. ಜನ ಬಳಸುತ್ತಿದ್ದರೆ ಬಿಟ್ಟುಬಿಡುತ್ತಾರೆ, ಬರೀ ಬಿದ್ದಿದ್ದರೆ ಕಟ್ಟುತ್ತಾರೆ. ಅದನ್ನು ಕಣ್ಣಾರೆ ಕಂಡು ತೀರ್ಮಾನಿಸಲು ಸೋಮವಾರ ಬೆಳಿಗ್ಗೆ ಬರುವುದಾಗಿ ಹೇಳಿ ಕಳಿಸಿದ್ದರು.

ಟೈಲರಕ್ಕ ಬಯಲು ಉಳಿಸಿಕೊಡಿ ಎಂದು ಮೊದಲಿಂದಲೂ ಆ ಅಧಿಕಾರಿಗಳ ಕಚೇರಿಯವರ ಹಿಂದೆ ಕೈತೊಳೆದುಕೊಂಡು ಬಿದ್ದಿದ್ದಳು. ಕಾರಣ ಅವಳ ಮೈದುನ. ಚಿಕ್ಕಂದಿನ ಜ್ವರ ಅವನ ಎರಡೂ ಕಣ್ಣು ತಿಂದುಹಾಕಿತ್ತು. ಬೇಕರಿಯಲ್ಲಿ ಅವನು ಹಿಟ್ಟು ನಾದಿ ಬನ್ ಉಂಡೆ ಕಟ್ಟುತ್ತಿದ್ದ. ಬಯಲನ್ನು ಸೀಳಿಕೊಂಡು ಬೇಕರಿಯವರೆಗೂ ಒಂದು ಕಾಲುದಾರಿಯಿತ್ತು, ಎಷ್ಟೋ ಜನ ಎಷ್ಟೋ ವರ್ಷ ತುಳಿದು ಗಟ್ಟಿಯಾದದ್ದು. ಅವನು ದಿನವೂ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಅದರ ಮೇಲೆ ನಡೆಯುತ್ತಿದ್ದ. ಅಂಗಾಲಿಗೆ ಗಟ್ಟಿ ನೆಲ ಸಿಕ್ಕರೆ ದಾರಿ, ಹುಲ್ಲು ಚುಚ್ಚಿದರೆ ದಾರಿ ತಪ್ಪಿದೆ ಎಂದು ಲೆಕ್ಕ. ಸುತ್ತಿಕೊಂಡು ಹೋಗೋಣವೆಂದರೆ ಲಾರಿಗಳು ನುಗ್ಗುವ ರಸ್ತೆ. ಲೋಕದಲ್ಲಿ ಅವನು ಯಾರ ಕೈಯನ್ನೂ ಹಿಡಿಯದೆ ನಡೆಯುತ್ತಿದ್ದ ಜಾಗ ಅದೊಂದೇ. ಟೈಲರಕ್ಕನ ಗಂಡ ಲಾರಿ ಹತ್ತಿ ಹೋದರೆ ವಾರಗಟ್ಟಲೆ ಬರುತ್ತಿರಲಿಲ್ಲ. ಅವಳು ಮಿಷನ್ ಮುಂದೆ ಕೂತು ಕಿಟಕಿಯಿಂದಲೇ ಮೈದುನ ಬೇಕರಿ ಸೇರುವುದನ್ನು ನೋಡುತ್ತಿದ್ದಳು. ನೋಡುತ್ತೇನೆಂದು ಅವನಿಗೆ ಎಂದೂ ಹೇಳಿರಲಿಲ್ಲ.

ಭಾನುವಾರ ಸಾಲುಮನೆಯವರ ಸಂಘದ ಕಾರ್ಯದರ್ಶಿ ಎಲ್ಲರನ್ನೂ ಸೇರಿಸಿದ. ಕೇಳದಿದ್ದರೂ ಬುದ್ಧಿ ಹೇಳುವುದರಲ್ಲಿ ಈ ಮನುಷ್ಯನ ಕೈ ಯಾವಾಗಲೂ ಮುಂದು.

"ನೋಡ್ರಪ್ಪಾ, ಹೀಗೇ ಬಿಟ್ರೆ ಪಾಳು ಜಾಗ ಅಂತ ಬರ್ಕೊಂಡು ಹೋಗ್ತಾರೆ. ನಾವು ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀವಿ ಅಂತ ಅವರಿಗೆ ಕಾಣ್ಬೇಕು."

ಎಲ್ಲರಿಗೂ ಹೌದೆನ್ನಿಸಿತು. ನಮ್ಮ ಜನಕ್ಕೆ ಮೆಚ್ಚಿಸುವುದೆಂದರೆ ಗುಡಿಸುವುದು ತಾನೆ! ಬಟ್ಟೆಯ ಹಗ್ಗಗಳು ಇಳಿದವು. ಮಕ್ಕಳ ಕಲ್ಲುಗಳು ಚರಂಡಿ ಸೇರಿದವು. ಮುರುಕು ಬೆಂಚು ಕಾರ್ಯದರ್ಶಿಯ ಹಿತ್ತಲಲ್ಲಿ ಅಡಗಿತು. ಕಳೆ, ಹುಲ್ಲು ಏನನ್ನೂ ಬಿಡದೆ ಕೆರೆದು ಹಾಕಿದರು. ಕಾಲುದಾರಿಯ ಮುಂದೆ ನಿಂತ ಟೈಲರಕ್ಕನಿಗೆ ಅದು ವಕ್ರವಾಗಿ ಹಾಕಿದ ಹೊಲಿಗೆಯ ಹಾಗೆ ಕಂಡಿತು. ಅಲ್ಲಲ್ಲಿ ಗುಂಡಿ, ಗುಂಡಿಯಲ್ಲಿ ಕೆಸರು. ಅವಳೇ ಗುದ್ದಲಿ ಹಿಡಿದು ಅಗೆದು, ಮಣ್ಣೆಳೆದು, ನೀರು ಚಿಮುಕಿಸಿ, ಅಂಚು ಕಾಣದ ಹಾಗೆ ಸಮ ಮಾಡಿದಳು. ಬೇಕರಿಯ ಬಾಗಿಲು ಎದುರಿಗೇ ಇದೆಯಲ್ಲ, ದಾರಿ ಎಲ್ಲಿಗೆ ಓಡಿಹೋಗುತ್ತದೆ ಎಂದುಕೊಂಡಳೋ ಏನೋ. ಕಣ್ಣಿದ್ದವರ ಯೋಚನೆ ಅಷ್ಟೇ.

ಸಂಜೆ ಮೈದುನ ಬಾಗಿಲಲ್ಲಿ ಕೂತು ಹಸಿ ಮಣ್ಣಿನ ವಾಸನೆ ಎಳೆದುಕೊಂಡ. "ಭಾರಿ ಕೆಲ್ಸ ಮಾಡಿದ ಹಾಗಿದೆ ಅತ್ತಿಗೆ."

"ನಾಳೆ ಅವರು ಬಂದು ಹೋಗೋವರೆಗೂ ನೀನು ಬಯಲಿಗೆ ಇಳೀಬೇಡಪ್ಪಾ. ಹೆಜ್ಜೆ ಮೂಡಿಬಿಡತ್ತೆ. ಬೇಕರಿಗೆ ಸ್ವಲ್ಪ ತಡ ಆಗತ್ತೆ ಅಂತ ಹೇಳಿದ್ದೀನಿ."

"ನಿಮ್ಮ ಬಯಲು, ನಿಮ್ಮ ಅಪ್ಪಣೆ" ಎಂದು ಅವನು ನಕ್ಕ.

ಮರುದಿನ ಅಧಿಕಾರಿ ಬಂದಳು, ಜೊತೆಗೆ ಫೋಟೊ ತೆಗೆಯುವ ಸಹಾಯಕ. ಕೆಟ್ಟವಳ ಹಾಗೇನೂ ಕಾಣಲಿಲ್ಲ. ಗದರಿಸಿಕೊಂಡ ಮಕ್ಕಳು ಕಿಟಕಿಗಳಿಂದ ಇಣುಕುತ್ತಿದ್ದರು. ಒಗೆದಿಟ್ಟ ಹಾಗೆ ಬಿದ್ದಿದ್ದ ಬಯಲನ್ನು ಅಧಿಕಾರಿ ಆ ತುದಿಯಿಂದ ಈ ತುದಿಯವರೆಗೂ ನೋಡಿದಳು.

"ಇದನ್ನ ಯಾರು ಬಳಸ್ತಾರೆ?"

"ಎಲ್ಲರೂ ಮೇಡಂ!" ಕಾರ್ಯದರ್ಶಿ ಎದೆಯುಬ್ಬಿಸಿದ.

"ಎಲ್ಲರೂ ಅಂತೀರಿ, ಇಲ್ಲಿ ಒಂದು ಹೆಜ್ಜೆ ಗುರುತೂ ಇಲ್ವಲ್ಲ. ಕೂರೋಕೆ ಒಂದು ಬೆಂಚಿಲ್ಲ, ಒಂದು ಹಗ್ಗ ಇಲ್ಲ. ಕಟ್ಟಡಕ್ಕೆ ಅಂತಾನೇ ಸಮ ಮಾಡಿಟ್ಟ ಹಾಗಿದೆ."

"ನಿನ್ನೆ ಇತ್ತು ಮೇಡಂ..."

"ನಾನು ಇವತ್ತು ಬಂದಿದ್ದೀನಿ."

ಟೈಲರಕ್ಕ ಮನೆಗೆ ಓಡಿದಳು. ಮೈದುನ ಚಪ್ಪಲಿ ಕೈಯಲ್ಲಿ ಹಿಡಿದು ಹೊಸಿಲ ಮೇಲೆ ತಯಾರಾಗಿ ನಿಂತಿದ್ದ.

"ಬಾಪ್ಪಾ, ನೀನು ದಿನಾ ಹೇಗೆ ಹೋಗ್ತೀಯ ಅಂತ ಅವರಿಗೆ ನಡೆದು ತೋರಿಸು!"

ಅವನ ಮುಖ ಅರಳಿತು. ತನ್ನಿಂದಲೂ ಬಯಲಿಗೆ ಒಂದು ಉಪಕಾರವಾಗುತ್ತದೆಂಬ ಹಿಗ್ಗು. ಅಂಗಿ ಎಳೆದು ಸರಿಮಾಡಿಕೊಂಡ. "ದೂರ ನಿಂತ್ಕೊಳ್ಳಿ, ನಮ್ಮ ದಾರಿ ನಮಗೆ ಗೊತ್ತು" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ ಇಳಿದ.

ಮೊದಲ ಹೆಜ್ಜೆಗೆ ಕಾಲು ಮಣ್ಣಲ್ಲಿ ಹೂತುಕೊಂಡಿತು. ಇನ್ನೊಂದಿಟ್ಟ, ಅದೂ ಮೆತ್ತಗೆ. ಎಡಕ್ಕೆ ಸರಿದ, ಬಲಕ್ಕೆ ಸರಿದ, ಹುಲ್ಲಿಗಾಗಿ ಕಾಲ್ಬೆರಳು ಚಾಚಿ ತಡಕಿದ. ಎಲ್ಲ ಕಡೆಯೂ ಒಂದೇ ಸಮ. ಅವನ ತುಟಿಯ ನಗು ಸ್ವಲ್ಪ ಹೊತ್ತು ಹಾಗೇ ಇತ್ತು, ತೆಗೆಯಲು ಮರೆತವರ ಹಾಗೆ. ಆಮೇಲೆ ಧೈರ್ಯ ಮಾಡಿ ಸರಸರ ನಡೆದ. ಬೇಕರಿಯ ಕಡೆಗಲ್ಲ, ಪಕ್ಕದ ಸಾಲುಮನೆಗಳ ಗೋಡೆಯ ಕಡೆಗೆ. "ಅಯ್ಯೋ, ನಿಲ್ಲು!" ಎಂದು ಟೈಲರಕ್ಕ ಕೂಗುವಷ್ಟರಲ್ಲಿ ಹಣೆ ಬಡಿದಿತ್ತು.

ಸಹಾಯಕ ಬೇರೆ ಕಡೆ ತಿರುಗಿ ಖಾಲಿ ನೆಲದ ಫೋಟೊ ತೆಗೆದುಕೊಂಡ. ಅಧಿಕಾರಿ ಟೈಲರಕ್ಕನ ಹತ್ತಿರ ಬಂದು, "ಪಾಪ, ಅವರನ್ನ ಹೀಗೆ ಒಂಟಿಯಾಗಿ ಬಿಡಬೇಡಿ" ಎಂದು ಮೆಲ್ಲಗೆ ಹೇಳಿ ಹೊರಟುಹೋದಳು. ಜನ ಒಬ್ಬೊಬ್ಬರಾಗಿ ಒಳಗೆ ಸರಿದುಕೊಂಡರು.

ಮೈದುನ ಗೋಡೆಗೆ ಕೈಯೂರಿ ನಿಂತಿದ್ದ. ಹಣೆಯಿಂದ ರಕ್ತ ಇಳಿಯುತ್ತಿತ್ತು. ಟೈಲರಕ್ಕ ಸೆರಗಿನಿಂದ ಒತ್ತಿ ಹಿಡಿದಳು. ತನ್ನ ಕೈ ಕತ್ತರಿಸಿ ಹಾಕಬೇಕೆನ್ನಿಸಿತು ಅವಳಿಗೆ.

"ಅತ್ತಿಗೆ," ಎಂದ ಅವನು, ತಾನೇ ತಪ್ಪು ಮಾಡಿದವನ ದನಿಯಲ್ಲಿ, "ಕಟ್ಟಡ ಆಗ್ಲೇ ಶುರುವಾಯ್ತಾ? ನಮ್ಮ ಬಯಲು ಎಲ್ಲಿ?"

ಟೈಲರಕ್ಕ ತನ್ನ ಕೈ ಚಾಚಿ ಅವನ ಬೆರಳಿಗೆ ತಾಗಿಸಿದಳು. ಅವನು ಚಪ್ಪಲಿ ಕೆಳಗಿಟ್ಟು ಮೆಟ್ಟಿಕೊಂಡು, ಅವಳ ಕೈ ಹಿಡಿದ. ಇಬ್ಬರೂ ಲಾರಿ ರಸ್ತೆಯ ಕಡೆಗೆ ತಿರುಗಿದರು.