ಅದೇ ಹಾಕ್ರಿ

ಧನಲಕ್ಷ್ಮಿಯ ಹಳೇ ಫೋನು ನೀರಿನ ಸಂಪಿನೊಳಗೆ ಬಿದ್ದು ಸತ್ತ ಮೂರನೇ ದಿನಕ್ಕೆ ಹೊಸದು ಬಂತು. ವಾಟ್ಸಾಪ್ ಹಾಕಿದರೆ, ಹಳೇ ಮೆಸೇಜೆಲ್ಲ ಬ್ಯಾಕಪ್‌ನಲ್ಲಿ ಭದ್ರವಾಗಿವೆ, ಪಾಸ್‌ವರ್ಡ್ ಕೊಡಿ ಎಂದು ಕೂತಿತು. ಅವಳು ಪಾಸ್‌ವರ್ಡ್ ಇಟ್ಟವಳೇ ಅಲ್ಲ. ಇಟ್ಟವನು ಗಂಡ ಪುನೀತ್.

ಅವಳಿಗೆ ಬೇಕಾದದ್ದು ಒಂದೇ ಮೆಸೇಜು. ಅಟ್ಟೂರಿನ ಈ ಮನೆ ಮಾವನದು. ಮಾವ ಮುನಿಆಂಜಿನಪ್ಪ ಇರುವುದು ಬಾಗಲೂರಿನಲ್ಲಿ, ದೊಡ್ಡ ಮಗನ ಜೊತೆ. ಬರೆಯಲು ಬಾರದ ಅವರು ಸಂಕ್ರಾಂತಿ ಕಳೆದ ಮೇಲೆ ವಾಟ್ಸಾಪಿನಲ್ಲಿ ಮಾತಾಡಿಯೇ ಕಳಿಸಿದ್ದರು: ಮಹಡಿ ರೂಮು ನಿನ್ನ ಟ್ಯೂಷನ್ನಿಗೇ ಇರಲಿ ಎಂದು. ಅದನ್ನು ನಂಬಿಕೊಂಡು ಹದಿನಾಲ್ಕು ಮಕ್ಕಳ ಮನೆಗೆ ಹೋಗಿ ಹೇಳಿಯೂ ಬಂದಿದ್ದಳು. ಈಗ ನೋಡಿದರೆ ನಾಳೆ ಭಾನುವಾರ ಆ ರೂಮಿಗೆ ಪುನೀತನ ಸ್ನೇಹಿತನೊಬ್ಬ ಬಾಡಿಗೆಗೆ ಬರುತ್ತಾನಂತೆ.

“ಅಪ್ಪ ಹಂಗೆಲ್ಲ ಹೇಳೇ ಇಲ್ಲ, ನೀನೇ ಏನೋ ಕೇಳಿಸ್ಕೊಂಡಿದೀಯ,” ಎಂದಿದ್ದ ಪುನೀತ್. “ಫೋನ್ ಮಾಡಿ ಅವ್ರ ಹತ್ರ ರಗಳೆ ತೆಗೀಬೇಡ. ಬಿಪಿ ಇದೆ.”

ಮಾವನ ಜೊತೆ ವಾದಕ್ಕಿಳಿಯುವುದು ಅವಳಿಂದಲೂ ಆಗದು. ಮೆಸೇಜು ಕೈಯಲ್ಲಿದ್ದರೆ ಮಾತು ಬೇರೆ.

“ಪಾಸ್‌ವರ್ಡ್ ಏನ್ ಇಟ್ರಿ?”

“ಮರ್ತೋಯ್ತು ಕಣೇ.” ಕಣ್ಣು ಟೀವಿಯ ಮೇಲೇ ಇತ್ತು.

“ಮರೆಯೋಕೆ ಒಳ್ಳೇ ದಿನ ನೋಡಿದೀರ.”

“ಅವತ್ತು ನಿನ್ನೇ ಕೇಳಿದ್ನಲ್ಲ. ಒಗ್ಗರಣೆ ಮುಂದೆ ನಿಂತ್ಕೊಂಡು ‘ಅದೇ ಹಾಕ್ರಿ’ ಅಂದೆ.”

“ಅದೇ ಅಂದ್ರೆ ಸ್ಕೂಟರ್ ನಂಬರು.”

ಒತ್ತಿದಳು. ತಪ್ಪು. ಮಗಳ ಹೆಸರು, ಅದರ ಮುಂದೆ ಹುಟ್ಟಿದ ವರ್ಷ. ಅದೂ ತಪ್ಪು. ಇನ್ನು ಎರಡೇ ಸಲ ಎಂದಿತು ಫೋನು.

“ಬಿಟ್ಬಿಡೇ, ಸಾಕು,” ಎಂದು ಪುನೀತ್ ಟೀವಿಯ ಸದ್ದು ಏರಿಸಿದ.

ಹತ್ತು ವರ್ಷದ ಹಿಂದಿನ ಕ್ರಿಕೆಟ್ ಸ್ಕೋರನ್ನು ಬಾಯಲ್ಲೇ ಹೇಳುವ ಗಂಡಸಿಗೆ ಇದೊಂದು ಮರೆಯಿತೇ? ಅವಳು ಅವನ ಬೆನ್ನನ್ನೇ ದಿಟ್ಟಿಸಿದಳು. ಬೆಲ್ ಆಯ್ತು, ಬಾಗಿಲು ನೋಡ್ರಿ ಅಂದರೆ ಕೂತಲ್ಲೇ ಬಾಗಿಲು ನೋಡಿ ಹಲ್ಲು ಕಿರಿಯುವ ಆಸಾಮಿ. ಅದೇ ಹಾಕ್ರಿ ಅಂದಿದ್ದಕ್ಕೆ ಅದನ್ನೇ ಹಾಕಿರಬೇಕು.

ಇಂಗ್ಲಿಷ್ ಅಕ್ಷರದಲ್ಲಿ ‘ಅದೇಹಾಕ್ರಿ’ ಎಂದು ಒತ್ತಿದಳು. ತಪ್ಪು.

ಉಳಿದದ್ದು ಒಂದೇ ಸಲ. ‘ಹಾ’ ಬರೆಯಲು ತಾನು ಹಾಕಿದ್ದು ಒಂದೇ ‘ಎ’. ಇವನೋ, ‘ಊಟ ಆಯ್ತಾ’ ಎಂದು ಕಳಿಸುವಾಗಲೂ ದೀರ್ಘಕ್ಕೆ ಎರಡೆರಡು ‘ಎ’ ಎಳೆಯುವವನು. ಎರಡು ಹಾಕಿ, ಕಣ್ಣು ಮುಚ್ಚಿ ಒತ್ತಿದಳು.

ಮೆಸೇಜುಗಳು ಇಳಿಯತೊಡಗಿದವು.

“ಸಿಕ್ತಾ?” ಪುನೀತ್ ಈಗ ಟೀವಿ ನೋಡುತ್ತಿರಲಿಲ್ಲ.

ಅವಳು ಮಾವನ ಮಾತು ಹುಡುಕಿ, ಕಿವಿಗಿಟ್ಟು ಕೇಳಿದಳು. ತಾನು ಕೇಳಿಸಿಕೊಂಡಿದ್ದದ್ದೇ ಸರಿ. ಅದನ್ನು ಮಾವನಿಗೇ ಕಳಿಸಿ, “ಮಾವ, ಇದು ನೀವೇ ಹೇಳಿದ್ದಲ್ವಾ? ನಾಳೆ ರೂಮಿಗೆ ಬಾಡಿಗೆಯವ್ರು ಬರ್ತಾರಂತೆ,” ಎಂದಷ್ಟೇ ಮಾತಾಡಿ ಸೇರಿಸಿದಳು.

ಐದು ನಿಮಿಷಕ್ಕೆ ಉತ್ತರ ಬಂತು. ಜೋರಾಗಿಯೇ ಹಾಕಿದಳು.

“ಊ ಕಣಮ್ಮ, ನಾನೇ ಏಳಿದ್ದು. ಆಮ್ಯಾಕೆ ನೀನೇ ರೂಮು ಬ್ಯಾಡ ಅಂದ್ಯಂತಲ್ಲ? ಪುನೀತ ಅಂಗಂದ. ಅದುಕ್ಕೇ ಬಾಡ್ಗೆಗೆ ಕೊಡು ಅಂದೆ. ಬೇಕು ಅಂದ್ರೆ ಬೇಕು ಅನ್ನು, ಬೀಗದ ಕೈ ಈಸ್ಕೊ.”

ಪುನೀತ್ ರಿಮೋಟು ಹುಡುಕುವವನಂತೆ ಸೋಫಾದ ಸಂದಿಗೆ ಕೈ ಹಾಕಿದ.

“ನಿಮ್ ಸ್ನೇಹಿತ್ರಿಗೆ ನೀವೇ ಫೋನ್ ಮಾಡ್ತೀರೋ, ನಾನ್ ಮಾಡ್ಲೋ?” ಎಂದು ಧನಲಕ್ಷ್ಮಿ ಬೀಗದ ಕೈಗೆ ಅಂಗೈ ಚಾಚಿದಳು.